ಕಾಪಿ ಹೊಡೆಯೋದೋ, ತಿದ್ದೋದೋ?

ನಮ್ಮಲ್ಲಿ ‘ಕಾಪಿ’ ಅನ್ನೋ ಪದ ಒಂಟಿಯಾಗಿ ಓಡಾಡೋದೇ ಇಲ್ಲ. ಪಕ್ಕದಲ್ಲಿ ಯಾವಾಗಲೂ ‘ಹೊಡೆಯೋದು’ ಇರಲೇಬೇಕು. ಪರೀಕ್ಷೆಯಲ್ಲಿ ಕಾಪಿ ಹೊಡೆದ, ಸಿನಿಮಾದ ಟ್ಯೂನ್ ಕಾಪಿ ಹೊಡೆದ, ಯಾರದೋ ಬ್ಲಾಗಿನ ಬರಹ ಕಾಪಿ ಹೊಡೆದ... ಕೊನೆಯದರ ಸಂಕಟ ಏನು ಅಂತ ಇಲ್ಲಿ ಬರೆಯೋ ಎಲ್ಲರಿಗೂ ಗೊತ್ತು, ಬಿಡಿಸಿ ಹೇಳಬೇಕಿಲ್ಲ. ಆದರೆ ಇದೇ ಪದವನ್ನ ತೈಲವರ್ಣದಲ್ಲಿ ಭಾವಚಿತ್ರ ಬರೆಯೋಕೆ ಕಲೀತಾ ಇರೋರ ಮೇಲೂ ಎಸೀತೀವಲ್ಲ, ಅದರ ಬಗ್ಗೆ ನನ್ನದೊಂದು ತಕರಾರಿದೆ.

ಒಬ್ಬ ಹುಡುಗನೋ ಹುಡುಗಿಯೋ ಹಳೇ ಚಿತ್ರವೊಂದನ್ನ ಎದುರಿಗಿಟ್ಟುಕೊಂಡು, ತಿಂಗಳುಗಟ್ಟಲೆ ಕೂತು, ಕ್ಯಾನ್ವಾಸಿನ ಮೇಲೆ ಒಂದು ಮುಖ ಮೂಡಿಸ್ತಾರೆ ಅಂದ್ಕೊಳ್ಳಿ. ಮನೆಗೆ ಬಂದವರು ನೋಡ್ತಾರೆ. "ಚೆನ್ನಾಗಿದೆ ಕಣೋ... ಆದ್ರೆ ನೋಡ್ಕೊಂಡು ಬರ್ದಿದ್ದು ತಾನೆ? ನಿನ್ ಸ್ವಂತದ್ದು ಏನಿದೆ?" ಅಷ್ಟೇ. ಕ್ಯಾನ್ವಾಸು ಬೀರುವಿನ ಹಿಂದೆ ಹೋಗುತ್ತೆ. ಅಲ್ಲಿಗೆ ಒಬ್ಬ ಕಲಾವಿದನ ಕಥೆ ಮುಗೀತು.

ಇದೇ ಮಾತನ್ನ ಸಂಗೀತದ ಮೇಷ್ಟ್ರ ಮನೆಯಲ್ಲಿ ಹೇಳಿ ನೋಡೋಣ! ಸರಳೆ ವರಸೆ ಹೇಳ್ತಿರೋ ಮಗುವನ್ನ "ಇದರಲ್ಲಿ ನಿನ್ನ ಸ್ವಂತದ್ದೇನಿದೆ?" ಅಂತ ಯಾರಾದ್ರೂ ಕೇಳ್ತಾರಾ? ಪಿಳ್ಳಾರಿ ಗೀತೆಗಳು ಪುರಂದರದಾಸರವು ಅಂತ ನಂಬಿಕೊಂಡು ಬಂದಿದ್ದೇವೆ. ಅವನ್ನ ಅಕ್ಷರ ತಪ್ಪದೆ, ತಾಳ ತಪ್ಪದೆ, ಮೇಷ್ಟ್ರು ಹೇಳಿದ ಹಾಗೇ ಹೇಳೋದೇ ಕಲಿಕೆ. ಮನೋಧರ್ಮ, ಕಲ್ಪನಾಸ್ವರ ಎಲ್ಲ ಎಷ್ಟೋ ವರ್ಷ ಆದಮೇಲೆ. ಕಿವಿಗೆ ನಾವು ಕೊಡೋ ಈ ರಿಯಾಯಿತಿಯನ್ನ ಕಣ್ಣಿಗೆ ಯಾಕೆ ಕೊಡೋದಿಲ್ಲ?

ಕನ್ನಡದಲ್ಲಿ ಇದಕ್ಕೊಂದು ಒಳ್ಳೇ ಪದ ಇದೆ, ನಾವೇ ಮರೆತಿದ್ದೇವೆ. ‘ತಿದ್ದೋದು’. ಮಗುವಿಗೆ ಅಕ್ಷರ ಕಲಿಸುವಾಗ ಏನು ಮಾಡ್ತೀವಿ? ಸ್ಲೇಟಿನ ಮೇಲೆ ‘ಅ’ ಬರೆದುಕೊಟ್ಟು ಅದರ ಮೇಲೇ ಮತ್ತೆ ಮತ್ತೆ ತಿದ್ದು ಅಂತೀವಿ. ತಪ್ಪನ್ನ ಸರಿ ಮಾಡೋದಕ್ಕೂ ತಿದ್ದು ಅಂತಲೇ ಹೇಳ್ತೀವಿ. ಬರೆದದ್ದರ ಮೇಲೆ ಕೈಯಾಡಿಸೋದೂ ತಿದ್ದೋದೇ, ಕೈಯನ್ನ ಸರಿದಾರಿಗೆ ತರೋದೂ ತಿದ್ದೋದೇ. ಹಳೇ ಚಿತ್ರ ನೋಡಿ ಬರೆಯೋದು ಈ ಅರ್ಥದಲ್ಲಿ ತಿದ್ದೋದು ಅಂತ ನನ್ನ ವಾದ. ಆ ಮಗು ಅಕ್ಷರವನ್ನ ಕದಿಯುತ್ತಿದೆ ಅಂತ ಯಾರೂ ಪೊಲೀಸಿಗೆ ಹೇಳಿಲ್ಲ :)

ಇದೇನು ನಾನು ಕಂಡುಹಿಡಿದದ್ದಲ್ಲ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ 1793ರಲ್ಲಿ ಬಾಗಿಲು ತೆರೆದಾಗ, ಸಾರ್ವಜನಿಕರಿಗಿಂತ ಕಲಾವಿದರಿಗೇ ಹೆಚ್ಚು ದಿನ ಮೀಸಲಿಟ್ಟಿದ್ದರು. ಬಂದು ಕೂತು ನೋಡಿ ಬರೀಲಿ ಅಂತ. ಇವತ್ತಿಗೂ ಅಲ್ಲಿ ಅನುಮತಿ ಪಡೆದು ಈಸೆಲ್ ಇಟ್ಟುಕೊಂಡು ಪ್ರತಿ ಬರೆಯಬಹುದು. ಷರತ್ತುಗಳು ಚೆನ್ನಾಗಿವೆ: ನಿಮ್ಮ ಪ್ರತಿ ಮೂಲದ ಅಳತೆಯಲ್ಲೇ ಇರಕೂಡದು, ಮೂಲ ಕಲಾವಿದನ ಸಹಿ ಹಾಕಕೂಡದು. ಕಲಿಯೋದಕ್ಕೆ ಬಾಗಿಲು ತೆರೆದಿದೆ, ಮೋಸಕ್ಕೆ ಮುಚ್ಚಿದೆ.

ನೋಡಿ ಬರೆಯೋದು ಹರಿಕತೆ ಶುರುವಾಗೋ ಮುಂಚಿನ ಪೀಠಿಕೆ, ಅನನುಭವಿಗಳಿಗೆ ಮಾತ್ರ ಅಂತಲೂ ಇಲ್ಲ. ರೂಬೆನ್ಸ್ 1628ರಲ್ಲಿ ರಾಜತಾಂತ್ರಿಕ ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಹೋದಾಗ ಅವನಿಗೆ 51 ವರ್ಷ. ಯುರೋಪಿನಲ್ಲೆಲ್ಲ ಹೆಸರು ಮಾಡಿದ್ದ. ಅಲ್ಲಿ ಮಾಡಿದ್ದೇನು ಗೊತ್ತಾ? ಅರಮನೆಯಲ್ಲಿದ್ದ ಟಿಷಿಯನ್ ಚಿತ್ರಗಳ ಎದುರು ಕೂತು ಪ್ರತಿ ಬರೆದ. ಟಿಷಿಯನ್ ತೀರಿಕೊಂಡದ್ದು 1576ರಲ್ಲಿ, ರೂಬೆನ್ಸ್ ಹುಟ್ಟಿದ್ದು 1577ರಲ್ಲಿ. ಗುರುವನ್ನ ಕಣ್ಣಲ್ಲಿ ಕಂಡವನೇ ಅಲ್ಲ, ಚಿತ್ರದಿಂದಲೇ ಪಾಠ ಹೇಳಿಸಿಕೊಂಡ. ಟಿಷಿಯನ್ನನ ‘ಆಡಮ್ ಮತ್ತು ಈವ್’, ರೂಬೆನ್ಸ್ ಮಾಡಿದ ಅದರ ಪ್ರತಿ, ಎರಡೂ ಮ್ಯಾಡ್ರಿಡ್ಡಿನ ಪ್ರಾಡೋ ಮ್ಯೂಸಿಯಂನಲ್ಲಿವೆ. ಪ್ರತಿಯಲ್ಲಿ ಆಡಮ್ಮನ ಕೂತ ಭಂಗಿ ಬದಲಾಗಿದೆ, ಮೂಲದಲ್ಲಿ ಇಲ್ಲದ ಒಂದು ಕೆಂಪು ಗಿಣಿ ಬಂದು ಕೂತಿದೆ! ತಿದ್ದುತ್ತಾ ತಿದ್ದುತ್ತಾ ಅವನದೇ ಮಾತು ಬಾಯಿಗೆ ಬಂದಿದೆ.

ಅದೇ ಪ್ರಾಡೋದಲ್ಲಿ ಒಂದು ಮೊನಾಲಿಸಾ ಪ್ರತಿ ಇದೆ. ಕಪ್ಪು ಹಿನ್ನೆಲೆಯ ಮಾಮೂಲಿ ನಕಲು ಅಂತಲೇ ಬಹಳ ಕಾಲ ಎಣಿಸಿದ್ದರು. ಆ ಕಪ್ಪು ಬಣ್ಣ ಆಮೇಲೆ ಯಾರೋ ಬಳಿದದ್ದು ಅಂತ ತಿಳಿದು ಅದನ್ನ ತೆಗೆದು ನೋಡಿದರೆ, ಅಡಿಯಲ್ಲಿ ಮೂಲದಲ್ಲಿರೋ ಹಾಗೇ ಬೆಟ್ಟ, ನೀರು! 2012ರಲ್ಲಿ ಇದನ್ನ ಪ್ರಕಟಿಸಿದಾಗ ಇನ್ನೂ ದೊಡ್ಡ ಸುದ್ದಿ ಬೇರೆಯೇ ಇತ್ತು. ಲಿಯೊನಾರ್ಡೊ ತನ್ನ ಚಿತ್ರದ ಬಣ್ಣದಡಿಯಲ್ಲಿ ಎಲ್ಲೆಲ್ಲಿ ಗೆರೆ ಬದಲಿಸಿದ್ದನೋ, ಈ ಪ್ರತಿಯ ಅಡಿಯಲ್ಲೂ ಅದೇ ಬದಲಾವಣೆಗಳು ಕಂಡವು. ಅಂದರೆ ಗುರು ಬರೀತಿರುವಾಗಲೇ ಶಿಷ್ಯ ಪಕ್ಕದಲ್ಲಿ ಕೂತು, ಗುರು ಅಳಿಸಿದಾಗ ತಾನೂ ಅಳಿಸಿ, ಹೆಜ್ಜೆ ಹೆಜ್ಜೆಗೂ ಹಿಂಬಾಲಿಸಿದ್ದಾನೆ. ಆ ಶಿಷ್ಯ ನೋಡಿ ಬರೆದದ್ದು ಬರೀ ಮೊನಾಲಿಸಾಳ ಮುಖವನ್ನಲ್ಲ, ಲಿಯೊನಾರ್ಡೊ ಯೋಚಿಸೋ ಕ್ರಮವನ್ನ.

ನಾನು ಹೇಳಬೇಕು ಅಂದ್ಕೊಂಡಿರೋ ಮುಖ್ಯ ಮಾತೇ ಇದು. ತೈಲವರ್ಣದಲ್ಲಿ ಕಾಣೋದು ಕೊನೆಯ ಪದರ ಮಾತ್ರ. ಕಲಿಯಬೇಕಾಗಿರೋದು ಅದರ ಅಡಿಯಲ್ಲಿ ಇರೋದನ್ನ.

ಯಾಕೆ ಅಂತ ಸ್ವಲ್ಪ ಹೇಳ್ತೀನಿ. ಜಲವರ್ಣ ನೀರು ಆರಿ ಒಣಗುತ್ತೆ. ತೈಲವರ್ಣ ಹಾಗಲ್ಲ. ಬಣ್ಣದ ಪುಡಿಯನ್ನ ಹಿಡಿದಿಟ್ಟಿರೋದು ಅಗಸೆ ಎಣ್ಣೆ. ಹೌದು, ಉತ್ತರ ಕರ್ನಾಟಕದೋರ ಅಗಸಿ ಹಿಂಡಿಯ ಅದೇ ಅಗಸೆ! ಈ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತೆ, ದಿನಗಟ್ಟಲೆ ಬೇಕು. ಎಣ್ಣೆ ಜಾಸ್ತಿ ಇರೋ ಪದರ ನಿಧಾನಕ್ಕೆ ಒಣಗುತ್ತೆ, ಕಮ್ಮಿ ಇರೋದು ಬೇಗ. ಅದಕ್ಕೇ ಅಡಿಯ ಪದರಕ್ಕೆ ಎಣ್ಣೆ ಕಮ್ಮಿ, ಮೇಲಮೇಲಕ್ಕೆ ಹೋದ ಹಾಗೆ ಜಾಸ್ತಿ ಅನ್ನೋ ನಿಯಮ. ಉಲ್ಟಾ ಮಾಡಿದರೆ ಮೇಲಿನ ಪದರ ಮೊದಲು ಒಣಗಿ, ಅಡಿಯದು ಇನ್ನೂ ಅಲ್ಲಾಡ್ತಾ ಇದ್ದು, ಚಿತ್ರ ಬಿರುಕು ಬಿಡುತ್ತೆ. ಅಂದರೆ ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೇ ಅರ್ಧ ವಿದ್ಯೆ. ಮುಗಿದ ಚಿತ್ರ ಆ ಕ್ರಮವನ್ನ ಬಾಯಿಬಿಟ್ಟು ಹೇಳೋದಿಲ್ಲ. ಎದುರು ಕೂತು ನಾವೇ ಬರೆದು ಬರೆದು ಬಾಯಿ ಬಿಡಿಸಬೇಕು.

ಎಲ್ಲರೂ ನೋಡಿರೋ ಒಂದು ಮುಖವನ್ನೇ ತಗೊಳ್ಳಿ. ವರ್ಮೀರನ ‘ಮುತ್ತಿನೋಲೆಯ ಹುಡುಗಿ’. ಸುಮಾರು 1665ರದ್ದು, ಹಾಲೆಂಡಿನ ಹೇಗ್ ಊರಿನ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ಅಳತೆ ಬರೀ 44.5 x 39 ಸೆಂಟಿಮೀಟರ್. ಹೊಸಬರು ಬಹಳ ಜನ ಇದನ್ನೇ ಆರಿಸ್ಕೊಳ್ತಾರೆ, ಸರಳ ಅನ್ನಿಸುತ್ತೆ ನೋಡಿ. ಕಪ್ಪು ಹಿನ್ನೆಲೆ, ನೀಲಿ ರುಮಾಲು, ಹಳದಿ ಅಂಗಿ, ಒಂದು ಮುತ್ತು.

ಆದರೆ ಆ ಹಿನ್ನೆಲೆ ಕಪ್ಪಲ್ಲ! 2018ರಲ್ಲಿ ಮ್ಯೂಸಿಯಂನೋರು ಚಿತ್ರವನ್ನ ವಿವರವಾಗಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯ್ತು, ವರ್ಮೀರ್ ಬರೆದದ್ದು ಹಸಿರು ಪರದೆ. ಮೇಲೆ ಬಳಿದಿದ್ದ ತೆಳು ಹಸಿರು ಕಾಲಕ್ರಮೇಣ ಮಾಸಿ ಕಪ್ಪಾಗಿ ಕಾಣ್ತಿದೆ. ಟ್ಯೂಬಿನಿಂದ ಕಪ್ಪು ಹಿಂಡಿ ಬಳಿಯೋರು ವರ್ಮೀರನ ಕೆಲಸವನ್ನ ಬಿಟ್ಟು, 350 ವರ್ಷದ ಸವಕಳಿಯನ್ನ ಕಾಪಿ ಮಾಡ್ತಿರ್ತಾರೆ. ಅದೇ ಪರೀಕ್ಷೆಯಲ್ಲಿ ಬರೆದ ಕ್ರಮವೂ ಬಿಡಿಸಿಕೊಂಡಿತು. ಮೊದಲು ಕಂದು-ಕಪ್ಪು ಬಣ್ಣದಲ್ಲಿ ನೆರಳು ಬೆಳಕಿನ ಅಡಿಪಾಯ. ಆಮೇಲೆ ಹಿನ್ನೆಲೆ, ಮುಖ. ಅದಾದ ಮೇಲೆ ಹಳದಿ ಅಂಗಿ, ಬಿಳಿ ಕಾಲರ್, ರುಮಾಲು. ಕಟ್ಟಕಡೆಗೆ ಮುತ್ತು. ಹಿಂದಿನದು ಮೊದಲು, ಮುಂದಿನದು ಆಮೇಲೆ.

ಆ ಮುತ್ತೂ ಮುತ್ತಲ್ಲ ಬಿಡಿ. ಬಿಳಿ ಬಣ್ಣದ ಒಂದೆರಡು ಸ್ಪರ್ಶ ಅಷ್ಟೇ. ಮೇಲೊಂದು ದಪ್ಪ ಹೊಳಪು, ಕೆಳಗೆ ಕಾಲರಿನ ಮಬ್ಬು ಪ್ರತಿಫಲನ. ಕಿವಿಗೆ ಸಿಕ್ಕಿಸೋ ಕೊಕ್ಕೆ ಕೂಡ ಇಲ್ಲ. ಮೂಗನ್ನ ನೋಡಿ, ಮೂಗಿನ ಸೇತುವೆಗೂ ಆಚೆ ಕೆನ್ನೆಗೂ ನಡುವೆ ಗೆರೆಯೇ ಇಲ್ಲ, ಒಂದರೊಳಗೊಂದು ಕರಗಿದೆ. ಆದರೂ ಮೂಗು ಕಾಣುತ್ತೆ! ನೋಡುವಾಗ ಇದು ಗೊತ್ತಾಗೋದಿಲ್ಲ. ಬರೆಯೋಕೆ ಕೂತಾಗ, ನಮ್ಮ ಕೈ ಅಭ್ಯಾಸಬಲದಿಂದ ಒಂದು ಗೆರೆ ಎಳೆಯೋಕೆ ಹೋದಾಗ, ಕಣ್ಣು "ನಿಲ್ಲು, ಅಲ್ಲಿ ಗೆರೆ ಎಲ್ಲಿದೆ?" ಅನ್ನುತ್ತೆ. ಆ ಒಂದು ಕ್ಷಣಕ್ಕೋಸ್ಕರ ಇಡೀ ತಿಂಗಳು ಖರ್ಚು ಮಾಡಿದರೂ ಲಾಭವೇ.

ಫೋಟೋ ನೋಡಿ ಬರೆದರೆ ಆಗಲ್ವಾ ಅಂತ ಕೇಳಬಹುದು. ಆಗುತ್ತೆ, ಆದರೆ ಆ ಪಾಠ ಬೇರೆ. ಫೋಟೋ ಎಲ್ಲವನ್ನೂ ಹೇಳುತ್ತೆ, ಏನನ್ನ ಬಿಡಬೇಕು ಅಂತ ಹೇಳೋದಿಲ್ಲ. ಚಿತ್ರಕಾರ ಆಗಲೇ ಬಿಟ್ಟು ತೋರಿಸಿರ್ತಾನೆ. ಹುಬ್ಬಿನ ಕೂದಲು ಎಣಿಸಬೇಕಾಗಿಲ್ಲ, ನೆರಳನ್ನ ತೆಳ್ಳಗೆ ಬಳಿದು ಬೆಳಕನ್ನ ದಪ್ಪಗೆ ಇಡಬೇಕು ಅನ್ನೋದನ್ನ ಕ್ಯಾಮೆರಾ ಯಾವತ್ತೂ ಕಲಿಸಲ್ಲ.

ಈಗ ನನ್ನ ತಕರಾರಿನ ಇನ್ನೊಂದು ಮುಖ. ಇದು ನಮ್ಮವರಿಗೆ ಸಂಬಂಧಿಸಿದ್ದು.

ಇಂಟರ್ನೆಟ್ಟಿನಲ್ಲಿ ಸಿಗೋ ತೈಲವರ್ಣದ ಪಾಠಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ಅಂಗಡಿಯಲ್ಲಿ ‘ಫ್ಲೆಶ್ ಟಿಂಟ್’ ಅಂತ ಬರೆದ ಟ್ಯೂಬು ತಗೊಂಡು ಹಿಂಡಿ ನೋಡಿ, ತಿಳಿ ಗುಲಾಬಿ ಬಣ್ಣ ಬರುತ್ತೆ. ಯಾರ ಚರ್ಮ ಅದು? ನಮ್ಮನೇಲಂತೂ ಯಾರದ್ದೂ ಅಲ್ಲ! ಬರೀ ಯುರೋಪಿನ ಚಿತ್ರಗಳನ್ನೇ ತಿದ್ದಿದ ಕೈ ನಮ್ಮೂರಿನ ಮುಖ ಬರೆಯೋಕೆ ಹೊರಟಾಗ ಏನಾಗುತ್ತೆ ಅಂದರೆ, ಬೆಳಕು ಬೀಳೋ ಕಡೆಯೆಲ್ಲ ಬಿಳಿ ಸೇರಿಸುತ್ತೆ. ಕಪ್ಪು ಚರ್ಮಕ್ಕೆ ಬಿಳಿ ಸೇರಿಸಿದರೆ ಬೆಳಕಾಗಲ್ಲ, ವಿಭೂತಿ ಬಳಿದ ಹಾಗಾಗುತ್ತೆ. ನಮ್ಮ ಚರ್ಮದ ನಡುಬಣ್ಣ ಸಿಯೆನಾ, ಅಂಬರ್, ಓಕರ್‌ಗಳಲ್ಲಿದೆ. ಹೊಳಪು ಚಿಕ್ಕದಾಗಿ, ಚೂಪಾಗಿ, ಎಷ್ಟೋ ಸಲ ಸ್ವಲ್ಪ ನೀಲಿಯಾಗಿ ಕೂರುತ್ತೆ. ಹಣೆ, ಮೂಗಿನ ತುದಿ, ಗಲ್ಲ... ಅಷ್ಟೇ ಜಾಗದಲ್ಲಿ.

ಇದನ್ನ ಕಲಿಯೋಕೆ ರವಿವರ್ಮನನ್ನ ತಿದ್ದಬೇಕು. ಅವನೂ ಯಾವ ಶಾಲೆಗೂ ಹೋದವನಲ್ಲ. 1868ರಲ್ಲಿ ಥಿಯೋಡೋರ್ ಜೆನ್ಸನ್ ಅನ್ನೋ ಚಿತ್ರಕಾರ ತಿರುವಾಂಕೂರಿನ ಅರಮನೆಗೆ ಬಂದು ಭಾವಚಿತ್ರ ಬರೀತಿದ್ದಾಗ, ಪಕ್ಕದಲ್ಲಿ ನಿಂತು ನೋಡಿಯೇ ಹುಡುಗ ರವಿವರ್ಮ ತೈಲವರ್ಣದ ಕೆಲಸ ಗ್ರಹಿಸಿದ. ಪಾಠ ಹೇಳಿಕೊಡೋರು ಇರಲಿಲ್ಲ, ಕಣ್ಣಿತ್ತು. ಆ ಕಣ್ಣು ಯುರೋಪಿನ ಎಣ್ಣೆಯಲ್ಲಿ ಮಲಯಾಳಿ ಹೆಂಗಸರ ಮೈಬಣ್ಣವನ್ನ ಹೇಗೆ ಹಿಡೀತು ಅನ್ನೋದು ಅವನ ಮೂಲಚಿತ್ರಗಳ ಹತ್ತಿರ ನಿಂತಾಗಲೇ ತಿಳಿಯೋದು. ಕ್ಯಾಲೆಂಡರ್‌ಗಳಲ್ಲಿ ಅದು ಹೊರಟುಹೋಗಿರುತ್ತೆ. ನಮ್ಮ ಪುಣ್ಯ, ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲೇ ಅವನ ಮೂಲಚಿತ್ರಗಳಿವೆ.

ಅದೇ ಸಂಗ್ರಹದ ಇನ್ನೊಂದು ಚಿತ್ರದ ಪ್ರತಿಗಳು ನಮ್ಮಲ್ಲಿ ಎಷ್ಟು ಹೋಟೆಲ್ಲು, ಎಷ್ಟು ಹಜಾರದಲ್ಲಿ ತೂಗ್ತಿವೆಯೋ ಲೆಕ್ಕವಿಲ್ಲ. ದೀಪ ಹಿಡಿದ ಹೆಂಗಸು. ಬಹಳ ಜನ ಅದನ್ನೂ ರವಿವರ್ಮನದೇ ಅಂತಾರೆ. ಅಲ್ಲ, ಅದು ಎಸ್. ಎಲ್. ಹಲ್ದಂಕರ್ ಅವರದ್ದು, ತಮ್ಮ ಮಗಳನ್ನೇ ನಿಲ್ಲಿಸಿಕೊಂಡು 1940ರ ದಶಕದಲ್ಲಿ ಬರೆದದ್ದು. ಮತ್ತೆ ಅದು ತೈಲವರ್ಣವೇ ಅಲ್ಲ, ಜಲವರ್ಣ! ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಒಳಗಿನಿಂದ ಕೆಂಪಗೆ ಬೆಳಗ್ತವಲ್ಲ, ಆ ಬೆಳಕು ಬಣ್ಣದ್ದಲ್ಲ, ಅಡಿಯ ಬಿಳಿ ಕಾಗದದ್ದು. ಜಲವರ್ಣದಲ್ಲಿ ಬೆಳಕನ್ನ ಉಳಿಸಿಕೊಳ್ಳಬೇಕು, ತೈಲವರ್ಣದಲ್ಲಿ ಸಾಮಾನ್ಯವಾಗಿ ಬೆಳಕನ್ನ ಇಡಬೇಕು. ಇದನ್ನ ಎಣ್ಣೆಯಲ್ಲಿ ತಿದ್ದೋರು ನೇರ ಕೆಂಪು-ಬಿಳಿ ಕಲಸಿ ಬಳಿದರೆ ಬೆರಳು ಗುಲಾಬಿ ಸೀಮೆಸುಣ್ಣದ ಹಾಗಾಗುತ್ತೆ. ಮೊದಲು ಬೆರಳಿನ ಜಾಗವನ್ನ ತಿಳಿಯಾಗಿ ಬರೆದು ಒಣಗಿಸಿ, ಅದರ ಮೇಲೆ ಪಾರದರ್ಶಕ ಕೆಂಪನ್ನ ಎಣ್ಣೆಯಲ್ಲಿ ತೆಳ್ಳಗೆ ಮಾಡಿ ಹಾಯಿಸಬೇಕು, ಆಗ ಒಳಗಿನಿಂದ ಬೆಳಕು ಬರುತ್ತೆ. ಅಂದರೆ ಇಲ್ಲಿ ಕಾಪಿ ಮಾಡೋನು ದಾರಿಯನ್ನ ತಾನೇ ಹುಡುಕಬೇಕು. ಇದರಲ್ಲಿ ಸ್ವಂತದ್ದೇನಿದೆ ಅಂತ ಕೇಳೋರಿಗೆ ಇದೇ ನನ್ನ ಉತ್ತರ.

ಹಾಗಂತ ನೋಡಿ ಬರೆದದ್ದೆಲ್ಲ ಕಲಿಕೆ ಅಂತ ನಾನು ಒಪ್ಪಲ್ಲ. ಪ್ರಿಂಟ್ ತೆಗೆದು, ಕಾರ್ಬನ್ ಹಾಳೆಯಿಂದ ಗೆರೆ ಇಳಿಸಿಕೊಂಡು, ಕೋಣೆ ಕೋಣೆಗೂ ಬಣ್ಣ ತುಂಬಿದರೆ ಕೊನೆಗೆ ಮುಖ ಬರುತ್ತೆ, ವಿದ್ಯೆ ಬರಲ್ಲ. ನನ್ನ ಮಟ್ಟಿಗೆ ಕೆಲವು ಕಟ್ಟುಪಾಡು ಇರಬೇಕು:

ಒಂದು, ಚಿತ್ರ ಆರಿಸುವಾಗ ದೊಡ್ಡ ಫೈಲು ಸಿಗೋದನ್ನ ಆರಿಸಿ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಂಥವರು ಬಿರುಕು, ಕುಂಚದ ಗುರುತು ಎಲ್ಲ ಕಾಣೋ ಹಾಗೆ ಚಿತ್ರಗಳನ್ನ ಪುಕ್ಕಟೆ ಕೊಟ್ಟಿದ್ದಾರೆ. ಒಂದೇ ಚಿತ್ರ ಹತ್ತು ಸೈಟಿನಲ್ಲಿ ಹತ್ತು ಬಣ್ಣದಲ್ಲಿರುತ್ತೆ, ಹಾಗಾಗಿ ಅದನ್ನ ಇಟ್ಟುಕೊಂಡಿರೋ ಮ್ಯೂಸಿಯಂನ ಫೈಲನ್ನೇ ನಂಬಿ.

ಎರಡು, ಬೆಳ್ಳನೆ ಕ್ಯಾನ್ವಾಸಿನ ಮೇಲೆ ಶುರು ಮಾಡಬೇಡಿ. ಟರ್ಪೆಂಟೈನಿನಲ್ಲಿ ಅಂಬರ್ ತೆಳ್ಳಗೆ ಮಾಡಿ ಒರೆಸಿ. ಆಮೇಲೆ ಕಂದು ಬಣ್ಣವೊಂದರಲ್ಲೇ ನೆರಳು-ಬೆಳಕು ಮುಗಿಸಿ. ಕಣ್ಣು ಕಿರಿದು ಮಾಡಿ ನೋಡಿದರೆ ಮೂಲವೂ ನಿಮ್ಮದೂ ಒಂದೇ ಥರ ಕಾಣಬೇಕು, ಅಲ್ಲೀತನಕ ಬೇರೆ ಬಣ್ಣ ಮುಟ್ಟಬೇಡಿ. ಕಿಟಕಿ ತೆರೆದಿರಲಿ, ಟರ್ಪೆಂಟೈನ್ ಹೊಗೆ ಒಳ್ಳೇದಲ್ಲ.

ಮೂರು, ನಾಲ್ಕೇ ಬಣ್ಣ. ಹಳದಿ ಓಕರ್, ಒಂದು ಕೆಂಪು, ಕಪ್ಪು, ಬಿಳಿ. ಸ್ವೀಡನ್ನಿನ ಆಂಡರ್ಸ್ ಜೋರ್ನ್ ಹೆಸರಲ್ಲಿ ಇದು ಪ್ರಸಿದ್ಧ. ಕಪ್ಪಿಗೆ ಬಿಳಿ ಸೇರಿದ ಬೂದಿ, ಕೆಂಪು-ಹಳದಿಗಳ ಪಕ್ಕದಲ್ಲಿ ಇಟ್ಟರೆ ನೀಲಿಯಾಗಿ ಕಾಣುತ್ತೆ. ಬಣ್ಣ ಅನ್ನೋದು ನೆರೆಹೊರೆಯ ವಿಷಯ ಅಂತ ಇದರಲ್ಲಿ ತಿಳಿಯುವಷ್ಟು 24 ಟ್ಯೂಬಿನ ಡಬ್ಬಿಯಲ್ಲಿ ತಿಳಿಯಲ್ಲ.

ನಾಲ್ಕು, ಚಿತ್ರದ ಹಿಂದೆ ಮೂಲ ಕಲಾವಿದನ ಹೆಸರು ಬರೆದು ‘ಇವರ ಚಿತ್ರ ನೋಡಿ ಬರೆದದ್ದು’ ಅಂತ ಸ್ಪಷ್ಟವಾಗಿ ಹಾಕಿ. ಬ್ಲಾಗಿಗೆ ಹಾಕುವಾಗಲೂ ಅಷ್ಟೇ. ನಮ್ಮ ಬರಹಕ್ಕೆ ನಾವು ಕೇಳೋ ಮರ್ಯಾದೆಯನ್ನ ಅವರಿಗೂ ಕೊಡಬೇಕಲ್ಲ. ಮಾರೋ ವಿಚಾರ ಬಂದರೆ, 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಚಿತ್ರದ ಹಕ್ಕು ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ರವಿವರ್ಮ ಹೋದದ್ದು 1906ರಲ್ಲಿ, ಹಲ್ದಂಕರ್ ಹೋದದ್ದು 1968ರಲ್ಲಿ. ಲೆಕ್ಕ ನೀವೇ ಹಾಕಿ. ಮನೆಯಲ್ಲಿ ಕಲಿಯೋಕೆ ಬರೆಯೋದು ಬೇರೆ, ಅಂಗಡಿ ಇಡೋದು ಬೇರೆ.

ಐದು, ಇದು ಎಲ್ಲಕ್ಕಿಂತ ಮುಖ್ಯ. ಒಂದು ಪ್ರತಿ ಮುಗಿದ ತಕ್ಷಣ ಒಂದು ಜೀವಂತ ಮುಖ ಬರೀರಿ. ಅಮ್ಮ, ತಮ್ಮ, ಯಾರೂ ಕೂರದಿದ್ದರೆ ಕನ್ನಡಿ. ಪ್ರತಿಯಲ್ಲಿ ಕಲಿತ ಒಂದಾದರೂ ವಿಷಯ ಅಲ್ಲಿ ಕೈಗೆ ಬಂತಾ? ಬಂದಿದ್ದರೆ ಅದು ತಿದ್ದಿದ್ದು. ಬರದೆ, ಬರೀ ಗೋಡೆಗೊಂದು ಚಿತ್ರ ಹೆಚ್ಚಾಗಿದ್ದರೆ ಅದು ಕಾಪಿ ಹೊಡೆದದ್ದು. ನನ್ನ ಅಳತೆಗೋಲು ಇಷ್ಟೇ.

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅನ್ನಬಹುದು. ನಮ್ಮ ಮನೆಗಳಲ್ಲಿ ಒಂದು ಕೋರಿಕೆ ಆಗಾಗ ಬರುತ್ತೆ. ಮಗ ಅಥವಾ ಮಗಳು ಚೆನ್ನಾಗಿ ಚಿತ್ರ ಬರೀತಾರೆ ಅಂತ ಗೊತ್ತಾದರೆ ಸಾಕು, ದೊಡ್ಡಮ್ಮನೋ ಅತ್ತೆಯೋ ಒಂದು ಹಳೇ ಫೋಟೋ ತಂದುಕೊಡ್ತಾರೆ. ರೇಷನ್ ಕಾರ್ಡಿನಿಂದಲೋ ಮದುವೆ ಗುಂಪಿನಿಂದಲೋ ಕತ್ತರಿಸಿದ, ಬೆರಳುಗುರುಗಾತ್ರದ, ಕಪ್ಪು-ಬಿಳುಪಿನ ಮುಖ. "ಅಜ್ಜನ್ನ ದೊಡ್ಡದಾಗಿ ಬಣ್ಣದಲ್ಲಿ ಬರ್ದುಕೊಡಪ್ಪ." ಆ ಫೋಟೋದಲ್ಲಿ ಬಣ್ಣ ಇಲ್ಲ. ಒಂದು ಕಣ್ಣು ಮಾಸಿಹೋಗಿದೆ. ಕೆನ್ನೆ ಎಲ್ಲಿ ಮುಗಿದು ಪೇಟ ಎಲ್ಲಿ ಶುರುವಾಗುತ್ತೋ ತಿಳಿಯಲ್ಲ. ಹೊಲದಲ್ಲಿ ಬಿಸಿಲಿಗೆ ಬೆಂದ ಹಣೆಯ ನೆರಳು ಯಾವ ಬಣ್ಣ ಇದ್ದೀತು, ಪೇಟದ ಬಿಳಿಯ ಪ್ರತಿಫಲನ ಕಿವಿಯ ಮೇಲೆ ಹೇಗೆ ಬಿದ್ದೀತು ಅನ್ನೋದನ್ನ ಯಾವ ಫೋಟೋವೂ ಹೇಳಲ್ಲ. ಕೈಗೆ ಗೊತ್ತಿರಬೇಕು. ಅದು ಗೊತ್ತಾಗೋದು ಗೊತ್ತಿದ್ದವರ ಚಿತ್ರಗಳನ್ನ ತಿದ್ದಿ ತಿದ್ದಿಯೇ. ಗೊತ್ತಿಲ್ಲದ ಕೈ ಅಜ್ಜನಿಗೆ ಗುಲಾಬಿ ಕೆನ್ನೆ ಕೊಡುತ್ತೆ, ಮನೆಯೋರು ನೊಂದುಕೊಳ್ಳದೆ "ಚೆನ್ನಾಗಿದೆ" ಅಂದು ಹಾರ ಹಾಕ್ತಾರೆ. ಗೊತ್ತಿರೋ ಕೈ ಬರೆದರೆ, ಆ ಮನೆಯ ಮುದುಕಿ ಹತ್ತಿರ ಬಂದು ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ತಾಳೆ. ಎರಡಕ್ಕೂ ಇರೋ ದೂರವನ್ನ ಬೀರುವಿನ ಹಿಂದೆ ಹೋದ ಆ ಕ್ಯಾನ್ವಾಸುಗಳೇ ದಾಟಿಸಬೇಕಾಗಿದ್ದದ್ದು.

ಹಾಗಾಗಿ ಸ್ನೇಹಿತರೆ, ಮುಂದಿನ ಸಲ ಯಾರದಾದರೂ ಮನೆಯಲ್ಲಿ ನೋಡಿ ಬರೆದ ತೈಲಚಿತ್ರ ಕಂಡರೆ "ಸ್ವಂತದ್ದೇನಿದೆ" ಅಂತ ಕೇಳಬೇಡಿ. "ಇದರಿಂದ ಏನು ಗೊತ್ತಾಯ್ತು?" ಅಂತ ಕೇಳಿ. ಉತ್ತರ ಹತ್ತು ನಿಮಿಷ ಹರಿದರೆ ಅಲ್ಲೊಬ್ಬ ಕಲಾವಿದ ತಯಾರಾಗ್ತಿದ್ದಾನೆ ಅಂತ ತಿಳೀರಿ.

ನಿಮ್ಮಲ್ಲಿ ಬಣ್ಣ ಹಿಡಿದವರಿದ್ದರೆ ಯಾವ ಚಿತ್ರ ತಿದ್ದಿ ಏನು ಕಲಿತಿರಿ ಅಂತ ಬರೀರಿ. ಒಪ್ಪದವರಿದ್ದರೆ ಅವರೂ ಬರೀರಿ, ಜಗಳ ಆಡೋಣ :)